ಕಾಡು ಹತ್ತುವವರ ಬಟ್ಟೆ, ಬೆನ್ನುಚೀಲ



ಕಳೆದ ತಿಂಗಳು ನಡೆದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಸಂಘದ ಮಳಿಗೆಗೆ ತರಿಸಬೇಕಾದ ಸಾಮಾನುಗಳ ಪಟ್ಟಿ ಚರ್ಚೆಗೆ ಬಂದಿತ್ತು. ಮೈಲುತುತ್ತ, ಸುಣ್ಣ, ಕತ್ತಿ, ದೋಟಿ, ಗೋಣಿಚೀಲ ಇವೆಲ್ಲ ಯಾರ ತಕರಾರೂ ಇಲ್ಲದೆ ಅಂಗೀಕಾರವಾದವು. ಪಟ್ಟಿಯ ಕೊನೆಯಲ್ಲಿ ನಾವು ಸೇರಿಸಿದ್ದ ‘ಉದ್ದ ತೋಳಿನ ಅಂಗಿ, ಪ್ಯಾಂಟು, ಉದ್ದ ಕಾಲುಚೀಲ, ಬೆನ್ನುಚೀಲ’ ಎಂಬ ಸಾಲನ್ನು ಓದಿದಾಗ ಮಾತ್ರ ನಗೆ ಎದ್ದಿತು. “ಕಾರ್ಯದರ್ಶಿಗಳು ಜವಳಿ ಅಂಗಡಿ ಇಡುವ ಯೋಚನೆಯಲ್ಲಿದ್ದಾರೋ ಹೇಗೆ?” ಎಂದು ಹಿರಿಯ ನಿರ್ದೇಶಕರೊಬ್ಬರು ಕೇಳಿದರು. “ಶಿಕಾರಿಗೆ ಹೊರಟ ಹಾಗಿದೆಯಲ್ಲ ಮಾರಾಯ್ರೆ” ಎಂದರು ಮತ್ತೊಬ್ಬರು. ವಿಷಯವನ್ನು ಮುಂದಿನ ಸಭೆಗೆ ಹಾಕಲಾಯಿತು. ನಗೆಯಲ್ಲಿ ಮುಳುಗಿಹೋದ ಈ ಸಾಲನ್ನು ಸದಸ್ಯರೆಲ್ಲರ ಮುಂದೆ ಮತ್ತೊಮ್ಮೆ ಇಡುವುದಕ್ಕಾಗಿ ಈ ಬರಹ.

ಶಿಕಾರಿಯ ಮಾತು ಬಂದದ್ದು ಒಳ್ಳೆಯದೇ ಆಯಿತು. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಸೀಮೆಯ ಮನೆಮನೆಯಲ್ಲೂ ಕೋವಿ ಇತ್ತು, ಮಳೆ ಬಿಟ್ಟೊಡನೆ ನಾಲ್ಕಾರು ಮಂದಿ ಸೇರಿ ಕಾಡು ಹತ್ತುತ್ತಿದ್ದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು, 1991ರ ತಿದ್ದುಪಡಿಯೊಂದಿಗೆ ಲೈಸೆನ್ಸ್ ಪಡೆದು ಆಡುವ ಬೇಟೆಯೂ ಮುಗಿಯಿತು. ಮುಗಿದದ್ದಕ್ಕೆ ನಮಗೆ ವ್ಯಥೆಯಿಲ್ಲ. ಆದರೆ ಬೇಟೆ ನಿಂತಿತೆಂದು ನಾವು ಕಾಡು ಹತ್ತುವುದನ್ನು ನಿಲ್ಲಿಸಿಲ್ಲ. ಅಬ್ಬಿ ನೀರಿನ ಪೈಪು ಬಿಟ್ಟುಹೋದರೆ ಹತ್ತಬೇಕು. ಅಡಿಕೆ ಬುಡಕ್ಕೆ ದರಗು ಬೇಕಾದರೆ ಹತ್ತಬೇಕು. ಸೊಪ್ಪಿಗೆ, ಸೌದೆಗೆ, ಉಪ್ಪಾಗೆಗೆ, ತಪ್ಪಿಸಿಕೊಂಡ ದನ ಹುಡುಕಲಿಕ್ಕೆ, ಬೇಸಿಗೆಯಲ್ಲಿ ಬೆಂಕಿ ಬರದಂತೆ ಗೆರೆ ಸವರಲಿಕ್ಕೆ ಹತ್ತಬೇಕು. ಶಿಕಾರಿಯವರು ವರ್ಷಕ್ಕೆ ಹತ್ತು ದಿನ ಕಾಡಿನಲ್ಲಿದ್ದರೆ ನಾವೂ ನಮ್ಮ ಕೆಲಸದವರೂ ನೂರು ದಿನ ಇರುತ್ತೇವೆ. ವ್ಯತ್ಯಾಸವೆಂದರೆ, ಶಿಕಾರಿಯವರು ಏನು ಉಡಬೇಕು, ಏನು ಹೊರಬೇಕು ಎಂದು ಯೋಚಿಸಿ ಹೊರಡುತ್ತಿದ್ದರು. ನಾವು ಅಂಗಳದಲ್ಲಿ ಉಟ್ಟಿದ್ದರಲ್ಲೇ ಹೊರಡುತ್ತೇವೆ.

ನಮ್ಮ ಅಜ್ಜನ ಶಿಕಾರಿ ಉಡುಪು ಹೀಗಿತ್ತು: ಮಾಸಲು ಖಾಕಿ ಅಂಗಿ, ಮೊಣಕಾಲು ಮುಚ್ಚುವ ಚಡ್ಡಿ, ಕಾಲಿಗೆ ಸುತ್ತಿದ ಬಟ್ಟೆಯ ಪಟ್ಟಿ, ತಲೆಗೆ ಹಾಳೆಟೊಪ್ಪಿ, ಎಲ್ಲದರ ಮೇಲೆ ಕರಿಕಂಬಳಿ. ಕಂಬಳಿಯನ್ನು ಅವರು ಬಡತನಕ್ಕಾಗಿ ಹೊದೆದದ್ದಲ್ಲ, ಮನೆಯಲ್ಲಿ ಕೋಟು ಇತ್ತು. ಉಣ್ಣೆ ಒದ್ದೆಯಾದರೂ ಮೈಯ ಬಿಸಿಯನ್ನು ಹಿಡಿದಿಡುತ್ತದೆ, ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿದರೂ ಮುಟ್ಟಿದರೆ ತಣ್ಣಗೆನಿಸುವುದಿಲ್ಲ. ಮತ್ತೊಂದು ಗುಣ ಶಿಕಾರಿಯವರಿಗೇ ಗೊತ್ತಿದ್ದದ್ದು: ಕಂಬಳಿ ಸದ್ದು ಮಾಡುವುದಿಲ್ಲ. ದೋಷವೂ ಇದೆ. ಆರಿದ್ರಾ ಮಳೆಯಲ್ಲಿ ನೆನೆದ ಕಂಬಳಿಯ ಭಾರ ಹೊತ್ತವರಿಗೇ ಗೊತ್ತು, ಒಣಗಬೇಕಾದರೆ ಎರಡು ದಿನ ಹೊಗೆ ಅಟ್ಟದ ಕೆಳಗೆ ನೇತುಹಾಕಬೇಕು.

ಈಗಿನವರ ಮನಸ್ಸು ಪೇಟೆಯ ಜಾಕೀಟಿನ ಕಡೆಗೆ. ಇದರಲ್ಲಿ ನಮ್ಮ ಸ್ವಂತ ಅನುಭವವನ್ನೇ ಹೇಳಿಬಿಡುತ್ತೇವೆ. ಅಮೆರಿಕದಲ್ಲಿರುವ ನೆಂಟರ ಹುಡುಗ ಮೂರು ವರ್ಷದ ಹಿಂದೆ ಒಂದು ಮಳೆ ಜಾಕೀಟು ತಂದುಕೊಟ್ಟ. ಅಲ್ಲಿ ಬೆಟ್ಟಗಾಡಿನಲ್ಲಿ ವಾರಗಟ್ಟಲೆ ಬೇಟೆಗೆ ಹೋಗುವವರು ತೊಡುವ ಜಾತಿಯದಂತೆ. ಬೆಲೆ ಕೇಳಿ ನಮಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಒಂದು ಚೀಲ ಕಾಫಿ ಚೆರ್ರಿಯ ಹಣ ಹೆಗಲ ಮೇಲೆ ಕೂತ ಹಾಗೆ. ಪುನರ್ವಸು ಮಳೆಯಲ್ಲಿ ಅದನ್ನು ತೊಟ್ಟು ಅಬ್ಬಿಯವರೆಗೆ ಹತ್ತಿದೆವು. ಹೊರಗಿನ ಮಳೆ ಒಂದು ಹನಿಯೂ ಒಳಗೆ ಬರಲಿಲ್ಲ, ನಿಜ. ಆದರೆ ಅರ್ಧ ಗಂಟೆಯಲ್ಲಿ ನಮ್ಮದೇ ಬೆವರಿನಿಂದ ಬನಿಯನ್ನು ಹಿಂಡುವ ಹಾಗಾಯಿತು.

ಹುಡುಗನನ್ನು ಬಯ್ಯುವ ಮೊದಲು ಕಾರಣ ತಿಳಿದುಕೊಂಡೆವು. ಇಂಥ ಬಟ್ಟೆಯ ಒಳಗೆ ಅತಿ ಸಣ್ಣ ರಂಧ್ರಗಳ ಪೊರೆಯೊಂದಿರುತ್ತದೆ. ಅಮೆರಿಕದ ಬಾಬ್ ಗೋರ್ ಎಂಬವರು 1969ರಲ್ಲಿ ಕಂಡುಕೊಂಡ ವಸ್ತುವಿನಿಂದ ಈ ತಂತ್ರ ಬೆಳೆಯಿತು. ಮಳೆಯ ಹನಿ ರಂಧ್ರದಲ್ಲಿ ತೂರುವುದಿಲ್ಲ, ಬೆವರಿನ ಆವಿ ತೂರುತ್ತದೆ. ಆದರೆ ಆವಿ ಹೊರಗೆ ಹೋಗಬೇಕಾದರೆ ಒಳಗಿನ ಗಾಳಿಗಿಂತ ಹೊರಗಿನ ಗಾಳಿ ಒಣಗಿಯೂ ತಣ್ಣಗೂ ಇರಬೇಕು. ಹಿಮದ ಬೆಟ್ಟಗಳಲ್ಲಿ ಹಾಗಿರುತ್ತದೆ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಕಾಣುವ ಆಗುಂಬೆಯ ಆಸುಪಾಸಿನಲ್ಲಿ, ಜುಲೈ ತಿಂಗಳಿನಲ್ಲಿ, ಗೋಡೆಯೇ ಬೆವರುವಾಗ ಜಾಕೀಟಿನ ಆವಿ ಎಲ್ಲಿಗೆ ಹೋಗಬೇಕು? ಇದೇ ತೋರಿಕೆಯ ಅಗ್ಗದ ಜಾಕೀಟುಗಳ ಒಳಮೈಗೆ ಬಳಿದ ಪದರವಂತೂ ನಮ್ಮ ಶೀತಕ್ಕೆ ಎರಡು ಮೂರು ಮಳೆಗಾಲದಲ್ಲಿ ಅಂಟಂಟಾಗಿ, ಹಪ್ಪಳದಂತೆ ಏಳುತ್ತದೆ. ಆದ್ದರಿಂದ ಸಾಲ ಮಾಡಿ ಇಂಥದ್ದನ್ನು ಕೊಳ್ಳಬೇಡಿರೆಂದು ಸದಸ್ಯರ ಮಕ್ಕಳಿಗೆ ಹೇಳುತ್ತಿದ್ದೇವೆ. ನೆಂಟರು ಕೊಟ್ಟರೆ ಮದುವೆಮನೆಗೆ ತೊಟ್ಟುಕೊಂಡು ಹೋಗಬಹುದು.

ಮಳೆಗಾಲಕ್ಕೆ ನಮ್ಮ ಅನುಭವಕ್ಕೆ ಬಂದದ್ದು ಇಷ್ಟು. ಮೈಗೆ ತಾಗುವ ಅಂಗಿ ಬೇಗ ಒಣಗುವ ತೆಳು ಪಾಲಿಯೆಸ್ಟರಿನದ್ದಾಗಿರಲಿ. ಆಟದ ಹುಡುಗರು ತೊಡುವ ಅಗ್ಗದ ಉದ್ದ ತೋಳಿನ ಅಂಗಿಯೇ ಸಾಕು. ಅದರ ಮೇಲೆ ಹಳೆಯ ಉಣ್ಣೆ ಸ್ವೆಟರು, ಅಥವಾ ಕಂಬಳಿಯನ್ನು ಅರ್ಧ ಕತ್ತರಿಸಿ ಹೊಲಿಸಿದ ತೋಳಿಲ್ಲದ ಅಂಗಿ. ಎಲ್ಲದರ ಮೇಲೆ ಕೆಳಗೂ ಬದಿಗೂ ತೆರೆದಿರುವ ಸಡಿಲ ಕೊಪ್ಪೆ. ತೆರೆದ ಕೊಪ್ಪೆಯೊಳಗೆ ಗಾಳಿಯಾಡುತ್ತದೆ, ಬೆವರು ಕೂರುವುದಿಲ್ಲ. ನಮ್ಮ ಹೆಂಗಸರು ಗೊರಬು ಸೂಡಿ ನಟ್ಟಿ ಮಾಡುತ್ತಿದ್ದಾಗ ಇದೇ ತತ್ವದಲ್ಲಿ ದಿನವಿಡೀ ಬೆನ್ನು ಒಣಗಿಸಿಕೊಂಡಿರುತ್ತಿದ್ದರು. ಜೀನ್ಸ್ ಪ್ಯಾಂಟು ಮಾತ್ರ ಬೇಡವೇ ಬೇಡ. ದಪ್ಪ ಹತ್ತಿ ಒಮ್ಮೆ ನೆಂದರೆ ಸಂಜೆಯವರೆಗೆ ತೊಡೆಯ ಬಿಸಿಯನ್ನೆಲ್ಲ ಹೀರುತ್ತದೆ, ಏರು ಹತ್ತುವಾಗ ಮೊಣಕಾಲು ಮಡಿಸಲು ಬಿಡುವುದಿಲ್ಲ.

ತಲೆಯ ವಿಚಾರದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಜಾಕೀಟಿನ ಟೊಪ್ಪಿಗೆ ಕಿವಿ ಮುಚ್ಚುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಹತ್ತು ಮಾರು ದೂರದ ಕೂಗೂ ಕೇಳುವುದಿಲ್ಲ. ಸಕಲೇಶಪುರ, ಆಲೂರು, ಮೂಡಿಗೆರೆ, ಕೊಡಗಿನ ಕಡೆಯ ನಮ್ಮ ಬಂಧುಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಗಿಡಗಳ ನಡುವೆ ನಿಂತ ಆನೆ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳಬೇಕು, ಬಿದಿರು ಮುರಿದದ್ದೋ ಹೊಟ್ಟೆಯ ಗುಡುಗುಡು ಸದ್ದೋ. ಅಗಲ ಅಂಚಿನ ಟೊಪ್ಪಿಯಿದ್ದರೆ ಮುಖಕ್ಕೆ ಮಳೆ ಬೀಳದು, ಕಿವಿ ತೆರೆದಿರುತ್ತದೆ. ಹಾಳೆಟೊಪ್ಪಿಗೆ ಖರ್ಚೂ ಇಲ್ಲ.

ಪಾಲಿಯೆಸ್ಟರ್, ನೈಲಾನುಗಳನ್ನು ಬೆಂಕಿಯ ಹತ್ತಿರಕ್ಕೆ ಒಯ್ಯಬಾರದು. ಕಿಡಿ ಬಿದ್ದರೆ ಹತ್ತಿಯಂತೆ ಉರಿದು ಬೂದಿಯಾಗದೆ ಕರಗಿ ಚರ್ಮಕ್ಕೆ ಅಂಟುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಬೆಂಕಿ ಗೆರೆಯ ಕೆಲಸಕ್ಕೆ ಹೋಗುವಾಗ ದಪ್ಪ ಹತ್ತಿಯೇ ಸರಿ. ಮಳೆಗಾಲದ ಶತ್ರು ಬೇಸಿಗೆಯ ಮಿತ್ರ!

ಇನ್ನು ಈ ಬರಹಕ್ಕೆ ನಿಜವಾದ ಕಾರಣಕ್ಕೆ ಬರುತ್ತೇವೆ. ಅದು ಮಳೆಯದ್ದಲ್ಲ, ಒಣಗಾಲದ್ದು.

ನಮ್ಮ ಸದಸ್ಯರೊಬ್ಬರ ತೋಟದಲ್ಲಿ ಹದಿನೈದು ವರ್ಷದಿಂದ ಕೆಲಸಕ್ಕಿರುವ ಮಧ್ಯವಯಸ್ಸಿನ ಒಬ್ಬರು ಹಿಂದಿನ ಬೇಸಿಗೆಯಲ್ಲಿ ದರಗು ಒಟ್ಟಲು ಒಂದು ವಾರ ಗುಡ್ಡಕ್ಕೆ ಹೋದರು. ಮೊಣಕಾಲ ಮೇಲೆ ಕಟ್ಟಿದ ಲುಂಗಿ, ಮೈಮೇಲೆ ಒಂದು ಬನಿಯನ್ನು, ಕಾಲಿಗೆ ಹವಾಯಿ ಚಪ್ಪಲಿ. ಮನೆಗೆ ಬಂದ ನಾಲ್ಕನೆಯ ದಿನ ಚಳಿಜ್ವರ, ತಲೆ ಸಿಡಿಯುವ ನೋವು, ಮೈಯೆಲ್ಲ ಮುರಿದ ಹಾಗೆ. ಮಂಗನ ಕಾಯಿಲೆ ಎಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಆಸ್ಪತ್ರೆಯಲ್ಲಿ ಹನ್ನೆರಡು ದಿನವಿದ್ದು ಬದುಕಿ ಬಂದರು. ಮೂರು ತಿಂಗಳವರೆಗೆ ಕತ್ತಿ ಎತ್ತಲು ಕೈಯಲ್ಲಿ ಬಲವಿರಲಿಲ್ಲ. ನಾವು ನೋಡಲು ಹೋಗಿದ್ದಾಗ ಅವರ ಹೆಂಡತಿ ಒಂದು ಮಾತು ಕೇಳಿದರು: “ಸಾಹುಕಾರ್ರು ಗುಡ್ಡಕ್ಕೆ ಬರುವಾಗ ಬೂಟು, ಪ್ಯಾಂಟು ಎಲ್ಲ ಹಾಕ್ಕೊಂಡು ಬರ್ತಾರಲ್ಲ ಅಯ್ಯ, ಅದು ಇದಕ್ಕೇನಾ?” ನಮ್ಮಲ್ಲಿ ಉತ್ತರವಿರಲಿಲ್ಲ. ಅದೇ ವಾರ ನಮ್ಮ ಮನೆಯ ಕೆಲಸದವರೂ ಅದೇ ಲುಂಗಿಯಲ್ಲಿ ಅದೇ ಗುಡ್ಡದ ಇನ್ನೊಂದು ಮಗ್ಗುಲಿನಲ್ಲಿದ್ದರು.

ಈ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಮೊದಲು ಪತ್ತೆಯಾದದ್ದು. ಅದಕ್ಕೇ ಲೋಕದ ವೈದ್ಯಗ್ರಂಥಗಳಲ್ಲೆಲ್ಲ ನಮ್ಮ ಮಲೆನಾಡಿನ ಊರಿನ ಹೆಸರೇ ಇದೆ. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನಲ್ಲಿ ಸಾಲು ಸಾಲಾಗಿ ಸಾವುಗಳಾದದ್ದನ್ನು ಸದಸ್ಯರು ಮರೆತಿರಲಾರರು. ನೂರು ಮಂದಿಗೆ ತಗುಲಿದರೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು ಅದನ್ನು ನಿಲ್ಲಿಸಲಾಯಿತು. ಹಾಗಾಗಿ ಬಟ್ಟೆಯೇ ದೊಡ್ಡ ರಕ್ಷಣೆ.

ಹರಡುವುದು ಉಣುಗಿನಿಂದ. (ನಮ್ಮ ಕಡೆ ಉಣ್ಣೆ ಎಂದರೆ ಕುರಿಯ ರೋಮವೂ ಹೌದು, ಕಚ್ಚುವ ಹುಳವೂ ಹೌದು. ಒಂದನ್ನು ತೊಡಿ, ಇನ್ನೊಂದನ್ನು ತೊಡೆಯಿರಿ ಎಂದು ಬರೆದರೆ ಗೊಂದಲವಾದೀತೆಂದು ಹುಳವನ್ನು ಇಲ್ಲಿ ಉಣುಗು ಎಂದೇ ಕರೆದಿದ್ದೇವೆ.) ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಮರಿಗಳು ದರಗಿನಲ್ಲಿ, ಕೆಳಗಿಡಗಳ ತುದಿಯಲ್ಲಿ ಕಾದಿರುತ್ತವೆ. ರಾಗಿಕಾಳಿಗಿಂತ ದೊಡ್ಡದಿಲ್ಲ. ಹಾರುವುದಿಲ್ಲ, ಜಿಗಿಯುವುದಿಲ್ಲ. ಕಾಲಿಗೆ ತಾಗಿ ಮೇಲಕ್ಕೆ ಹತ್ತುತ್ತದೆ, ಮೆತ್ತಗಿನ ಚರ್ಮ ಸಿಕ್ಕಲ್ಲಿ ಕಚ್ಚಿ ಕೂರುತ್ತದೆ. ಅದರ ದಾರಿಯನ್ನು ಬಟ್ಟೆಯಿಂದ ಮುಚ್ಚಬಹುದು: ಪ್ಯಾಂಟಿನ ತುದಿಯನ್ನು ಉದ್ದ ಕಾಲುಚೀಲದ ಒಳಗೆ, ಅಂಗಿಯನ್ನು ಪ್ಯಾಂಟಿನ ಒಳಗೆ ಸೇರಿಸಬೇಕು, ತೋಳಿಗೆ ಗುಂಡಿ ಹಾಕಿರಬೇಕು. ನೇಯ್ಗೆ ಒತ್ತಾಗಿರಬೇಕು, ಅದಕ್ಕೆ ಟೆರಿಕಾಟ್ ಒಳ್ಳೆಯದು. ಬಣ್ಣ ತಿಳಿಯಾಗಿರಬೇಕು. ತಿಳಿಬಣ್ಣದ ಮೇಲೆ ಹತ್ತುವ ಉಣುಗು ಕಣ್ಣಿಗೆ ಬೀಳುತ್ತದೆ, ಗಂಟೆಗೊಮ್ಮೆ ನಿಂತು ಕೊಡವಿಕೊಳ್ಳಬಹುದು. ಬಟ್ಟೆಯಿಂದ ಹೊರಗೆ ಉಳಿದ ಕೈ, ಕತ್ತಿಗೆ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆ ಹಚ್ಚಬೇಕು. ಮನೆಗೆ ಬಂದವರು ಬಟ್ಟೆಯನ್ನು ಹಾಸಿಗೆಯ ಮೇಲೋ ಜಗಲಿಯ ಗೂಟಕ್ಕೋ ಹಾಕದೆ ನೇರ ಕುದಿಯುವ ನೀರಿಗೆ ಹಾಕಿ, ಬಿಸಿನೀರು ಸಾಬೂನಿನಲ್ಲಿ ಸ್ನಾನ ಮಾಡಬೇಕು.

ಇಲ್ಲಿ ಮಿಲಿಟರಿ ಮಚ್ಚೆಯ ಬಟ್ಟೆಯ ಮಾತು ಬರುತ್ತದೆ. ಸಂತೆಯಲ್ಲಿ ಎಲ್ಲಿ ನೋಡಿದರೂ ಅದೇ. ಹುಡುಗರಿಗೆ ಬಲು ಇಷ್ಟ, ಕೊಳೆ ಕಾಣುವುದಿಲ್ಲವೆಂದು ಮನೆಯವರಿಗೂ ಇಷ್ಟ. ಕೊಳೆ ಕಾಣದ ಬಟ್ಟೆಯ ಮೇಲೆ ಉಣುಗೂ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಬೇಟೆ ಕಾನೂನಿನಲ್ಲಿ ನಿಂತಿದೆ, ಕತ್ತಲೆಯಲ್ಲಿ ನಿಂತಿಲ್ಲ. ಹಂದಿಯೆಂದು ತಿಳಿದು ಮನುಷ್ಯನಿಗೆ ಗುಂಡು ಹೊಡೆದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇದೆ. ಬೇಟೆ ಕಾನೂನುಬದ್ಧವಾಗಿರುವ ಅಮೆರಿಕದಲ್ಲೇ ಹಲವು ರಾಜ್ಯಗಳು ಬೇಟೆಗಾರರು ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣವನ್ನು ಕಡ್ಡಾಯವಾಗಿ ತೊಡಬೇಕೆಂದು ವಿಧಿಸಿವೆ. ಜಿಂಕೆಯ ಜಾತಿಗೆ ಆ ಬಣ್ಣ ಎದ್ದು ಕಾಣುವುದಿಲ್ಲ, ಮನುಷ್ಯರಿಗೆ ಕಾಣುತ್ತದೆ. ಹಗಲೂ ರಾತ್ರಿಯೂ ತೋಟದ ಅಂಚಿನಲ್ಲಿ ತಿರುಗುವ ನಾವು ಗಿಡದಂತೆ ಕಾಣಲು ದುಡ್ಡು ಕೊಡುವುದೇ? ನಮ್ಮ ಪಟ್ಟಿಯಲ್ಲಿ ಆ ಬಟ್ಟೆ ಇಲ್ಲ, ಯಾರು ಕೇಳಿದರೂ ತರಿಸುವುದಿಲ್ಲ.

ದರಗು ಒಟ್ಟುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು. ಅವರಿಗೆ ಹೊಂದುವ ಪ್ಯಾಂಟು ಪೇಟೆಯ ಕೆಲಸದ ಬಟ್ಟೆಯ ಅಂಗಡಿಯಲ್ಲಿ ಸಿಗುವುದಿಲ್ಲ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟುಕೊಂಡು ಹೋಗುತ್ತಾರೆ, ಕಾಲು ಬರಿದೇ ಇರುತ್ತದೆ. ಲಾಡಿ ಹಾಕುವ, ಕಣಕಾಲಿನಲ್ಲಿ ಬಿಗಿಯಾಗುವ ಸಲ್ವಾರ್ ತರಹದ ಪ್ಯಾಂಟನ್ನು ನಮ್ಮ ಊರಿನ ದರ್ಜಿಗಳೇ ಹೊಲಿದುಕೊಡುತ್ತಾರೆ. ಮಾದರಿಗೆ ಎರಡು ಹೊಲಿಸಿ ಇಬ್ಬರಿಗೆ ಕೊಟ್ಟೆವು. ಮೊದಲ ದಿನ ನಾಚಿಕೆಯೆಂದರು. ವಾರದ ಮೇಲೆ ಮಗಳಿಗೂ ಒಂದು ಬೇಕೆಂದು ಕೇಳಿದರು.

ಕಾಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಳೆಯಲ್ಲಿ ಹಾವು, ಮುಳ್ಳು ಎರಡಕ್ಕೂ ಗಂಬೂಟು ಒಳ್ಳೆಯದು, ದಪ್ಪ ಕಾಲುಚೀಲ ಹಿಡಿಸುವಂತೆ ಒಂದು ನಂಬರು ದೊಡ್ಡದಿರಲಿ. ಆದರೆ ಪಾಚಿ ಕಟ್ಟಿದ ಬಂಡೆಯ ಮೇಲೆ ಅದನ್ನು ನಂಬಬೇಡಿ. ಬಂಡೆ, ಹಳ್ಳ ದಾಟುವ ದಾರಿಗೆ ಪೇಟೆಯಲ್ಲಿ ‘ಹಂಟರ್ ಶೂ’ ಎಂದೇ ಮಾರುವ ಕ್ಯಾನ್ವಾಸಿನ ಬೂಟು ಗಂಬೂಟಿಗಿಂತ ವಾಸಿ. ನೀರು ಒಳಗೆ ಬರುತ್ತದೆ, ಹಾಗೆಯೇ ಹೋಗುತ್ತದೆ. ಇಂಬಳಕ್ಕೆ ಒತ್ತು ನೇಯ್ಗೆಯ ಉದ್ದ ಕಾಲುಚೀಲ, ಅದರ ಮೇಲೆ ಸುಣ್ಣ ಹೊಗೆಸೊಪ್ಪಿನ ನೀರು. ಇದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಚೀಲದ ವಿಚಾರದಲ್ಲಿ ನಾವು ನಿಜವಾಗಿ ಹಿಂದೆ ಬಿದ್ದಿದ್ದೇವೆ. ಪೈಪಿನ ಜೋಡಣೆ, ಗರಗಸ, ಹಗ್ಗ, ನೀರು, ಬುತ್ತಿ ಎಲ್ಲ ಸೇರಿ ಹತ್ತು ಹನ್ನೆರಡು ಕಿಲೋ ಆಗುತ್ತದೆ. ಅದನ್ನು ಗೊಬ್ಬರದ ಚೀಲಕ್ಕೆ ತುಂಬಿ ಒಂದು ಹೆಗಲಿಗೆ ಹಾಕಿ ಜಾರುವ ಏರಿನಲ್ಲಿ ಕಳಿಸುತ್ತೇವೆ. ಒಂದು ಕೈ ಚೀಲಕ್ಕೆ, ಇನ್ನೊಂದು ಕತ್ತಿಗೆ. ಬಿದ್ದರೆ ಹಿಡಿದುಕೊಳ್ಳಲು ಮೂರನೆಯ ಕೈ ಎಲ್ಲಿದೆ? ಎರಡು ಹೆಗಲಿಗೂ ಕೂರುವ, ಸೊಂಟಕ್ಕೆ ಪಟ್ಟಿಯಿರುವ ಚೀಲವಾದರೆ ಭಾರದ ಹೆಚ್ಚಿನ ಪಾಲು ಸೊಂಟದ ಮೂಳೆಗೆ ಹೋಗುತ್ತದೆ, ಎರಡೂ ಕೈ ಬಿಡುವಾಗುತ್ತವೆ. ಇದಕ್ಕೆ ಹೆಸರುವಾಸಿ ಕಂಪೆನಿಯ ಚೀಲವೇ ಬೇಕೆಂದಿಲ್ಲ. ಕೊಳ್ಳುವಾಗ ಮೂರು ಕಡೆ ನೋಡಿರಿ. ಹೆಗಲ ಪಟ್ಟಿ ಚೀಲಕ್ಕೆ ಸೇರುವಲ್ಲಿ ಹೊಲಿಗೆ ಎರಡು ಮೂರು ಸಾಲು ಇರಬೇಕು, ಅಂಗಡಿಯವರ ಎದುರೇ ಜೋರಾಗಿ ಎಳೆದು ನೋಡಿ. ಜಿಪ್ಪು ಕಬ್ಬಿಣದ್ದಾದರೆ ನಮ್ಮ ಶೀತಕ್ಕೆ ತುಕ್ಕು ಹಿಡಿಯುತ್ತದೆ, ಬಾಯಿಯನ್ನು ದಾರ ಎಳೆದು ಕಟ್ಟುವ ಚೀಲ ಉತ್ತಮ. ಹೊರಗೆ ನೇತಾಡುವ ಪಟ್ಟಿ, ಜೇಬುಗಳು ಕಡಿಮೆಯಿದ್ದಷ್ಟೂ ಒಳ್ಳೆಯದು, ಬೆತ್ತದ ಮುಳ್ಳು ಲಂಟಾನಗಳಿಗೆ ಅವೇ ಹಿಡಿ. ಒಂದು ದಿನದ ಕೆಲಸಕ್ಕೆ ಇಪ್ಪತ್ತೈದು ಲೀಟರಿನದ್ದು ಧಾರಾಳವಾಯಿತು. ಕತ್ತಿಕೊಕ್ಕೆ ಕಟ್ಟಿದ ಸೊಂಟಕ್ಕೆ ಚೀಲದ ಪಟ್ಟಿ ಸರಿಯಾಗಿ ಕೂರುವುದಿಲ್ಲವೆಂಬ ದೂರು ಬಂದಿದೆ, ಅದು ನಿಜ. ಕೊಕ್ಕೆಯ ಹಗ್ಗವನ್ನು ನಾಲ್ಕು ಬೆರಳು ಕೆಳಗೆ ಇಳಿಸಿ ಕಟ್ಟಿಕೊಂಡರೆ ಆಗುತ್ತದೆ.

ನೀರು ತಾಗದ ಚೀಲವೆಂದು ಹೆಚ್ಚು ದುಡ್ಡು ಕೇಳುವವರನ್ನು ನಂಬಬೇಡಿ, ನಮ್ಮ ಮಳೆ ಹೊಲಿಗೆಯಲ್ಲೇ ಒಳಗೆ ಬರುತ್ತದೆ. ಗೊಬ್ಬರದ ಮೂಟೆಯ ಒಳಗೆ ಬರುವ ದಪ್ಪ ಪ್ಲಾಸ್ಟಿಕ್ ಚೀಲವನ್ನು ಮೂರು ಸಲ ತೊಳೆದು ಒಣಗಿಸಿ ಬೆನ್ನುಚೀಲದೊಳಗೆ ಇಟ್ಟು ಬಾಯಿ ತಿರುಚಿ ಕಟ್ಟಿ. ಬೆಂಕಿಪೆಟ್ಟಿಗೆ, ಟಾರ್ಚು, ಮೊಬೈಲು ಒಂದೂ ನೆನೆಯುವುದಿಲ್ಲ. ಔಷಧಿ ಬಂದ ಚೀಲವನ್ನು ಮಾತ್ರ ಇದಕ್ಕೆ ಬಳಸಬಾರದು.

ಇನ್ನು ದುಡ್ಡಿನ ಮಾತು. ಅಂಗಿ, ಪ್ಯಾಂಟು, ಎರಡು ಜೊತೆ ಕಾಲುಚೀಲ ಇಷ್ಟಕ್ಕೂ ಸಂಘ ಒಟ್ಟಾಗಿ ಬಟ್ಟೆ ತೆಗೆದು ಹೊಲಿಸಿದರೆ ಒಬ್ಬರ ಎರಡು ಮೂರು ದಿನದ ಕೂಲಿಯೊಳಗೆ ಮುಗಿಯುತ್ತದೆ. “ಅವರಿಗೆ ಕೊಟ್ಟರೆ ಹಾಕಿಕೊಳ್ಳುವುದಿಲ್ಲ, ಮನೆಯಲ್ಲಿಟ್ಟು ಲುಂಗಿಯಲ್ಲೇ ಬರುತ್ತಾರೆ” ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಆಗಬಹುದು. ಎರಡು ಅಳತೆ ದೊಡ್ಡದು, ಬಿಸಿಲಿಗೆ ಬೇಯುವ ದಪ್ಪದ್ದು ಕೊಟ್ಟರೆ ನಾವಾದರೂ ಹಾಕಿಕೊಳ್ಳುತ್ತಿರಲಿಲ್ಲ. ಅಳತೆ ತೆಗೆದು ಹೊಲಿಸಿ, ಮೊದಲ ದಿನ ನೀವೂ ಅದೇ ಬಟ್ಟೆ ತೊಟ್ಟು ಗುಡ್ಡಕ್ಕೆ ಹೋಗಿ ನೋಡಿ.

ಕಾನೂನು ಕೇಳುವವರಿಗೆ ಒಂದು ಮಾತು: ತೋಟದ ಕಾರ್ಮಿಕರಿಗೆ ಮಳೆ ಚಳಿಯಿಂದ ರಕ್ಷಣೆಗೆ ಕೊಡೆ, ಕಂಬಳಿ, ಮಳೆಯಂಗಿ ಕೊಡಿಸಲು ರಾಜ್ಯ ಸರ್ಕಾರಗಳು ನಿಯಮ ಮಾಡಬಹುದೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯಲ್ಲೇ ಹೇಳಿತ್ತು. ಅದು ದೊಡ್ಡ ಎಸ್ಟೇಟುಗಳ ಕಾನೂನು. ನಾಲ್ಕು ಎಕರೆಯ ನಾವು ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ, ಅಡಿಕೆ ಅದರ ಪಟ್ಟಿಯಲ್ಲೇ ಇರಲಿಲ್ಲ. ಉಣುಗಿಗೆ ಎಕರೆಯ ಲೆಕ್ಕ ಗೊತ್ತಿಲ್ಲ.

ಮುಂದಿನ ಸಭೆಯಲ್ಲಿ ಈ ಸಾಲು ಮತ್ತೆ ಬರಲಿದೆ. ಅಷ್ಟರೊಳಗೆ ಆಸಕ್ತ ಸದಸ್ಯರು ತಮ್ಮ ಮನೆಯವರ, ಕೆಲಸದವರ ಅಳತೆಯನ್ನು (ಎದೆ, ಸೊಂಟ, ಸೊಂಟದಿಂದ ಹಿಮ್ಮಡಿಯವರೆಗಿನ ಉದ್ದ, ಬೂಟಿನ ನಂಬರು) ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಿದರೆ ಎಷ್ಟು ಬಟ್ಟೆ ತೆಗೆಯಬೇಕೆಂಬ ಅಂದಾಜು ಸಿಗುತ್ತದೆ. ಹೆಂಗಸರದ್ದನ್ನು ಬೇರೆ ಚೀಟಿಯಲ್ಲಿ ಬರೆಯಿರಿ. ಮಾದರಿಯ ಅಂಗಿ, ಎರಡು ಬಗೆಯ ಪ್ಯಾಂಟು, ಬೆನ್ನುಚೀಲ ಮಳಿಗೆಯಲ್ಲಿ ಮೈಲುತುತ್ತದ ಮೂಟೆಗಳ ಪಕ್ಕದಲ್ಲಿ ತೂಗುಹಾಕಿವೆ. ಸಂತೆಯ ದಿನ ಬಂದವರು ಮುಟ್ಟಿ, ಎಳೆದು, ತೊಟ್ಟು ನೋಡಬಹುದು. ಡಿಸೆಂಬರಿನ ದರಗಿನ ಕೆಲಸಕ್ಕೆ ಮೊದಲು ಹೊಲಿದು ಕೈಗೆ ಸಿಗಬೇಕಾದರೆ ದರ್ಜಿಗಳಿಗೆ ಒಂದು ತಿಂಗಳಾದರೂ ಬೇಕು.